ಯಾವ ಇಸವಿಯ ಜಿಪ್ಸಿ?

ಹಳೆಯ ಮಾರುತಿ ಜಿಪ್ಸಿ ಕೊಳ್ಳುವ ಆಸೆ ಇಟ್ಟುಕೊಂಡವರಿಗೆ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಮೊದಲು ಎದುರಾಗುವ ಪ್ರಶ್ನೆ ದುಡ್ಡಿನದಲ್ಲ. "ಯಾವ ಮಾಡೆಲ್ ನೋಡ್ತಿದೀರಿ ಮಾರಾಯ್ರೆ? ತೊಂಬತ್ತೆಂಟೋ, ಎರಡು ಸಾವಿರದ ಐದೋ?" ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ತಟ್ಟನೆ ಉತ್ತರ ಹೇಳುವುದು ನನಗೆ ಇಷ್ಟವಿಲ್ಲ. ಉತ್ತರ ಸಿಕ್ಕಿತೆಂದರೆ ಹುಡುಕಾಟ ಮುಗಿಯಿತು. ಗಾಡಿ ಕೊಳ್ಳುವುದು ಒಂದು ದಿನದ ಕೆಲಸ. ಇಸವಿ ಆರಿಸುವುದನ್ನಾದರೆ ಮಳೆಗಾಲ ಪೂರ್ತಿ ಎಳೆಯಬಹುದು. ಜಗಲಿಯಲ್ಲಿ ಕೂತು, ಹೊರಗೆ ಜಡಿ ಹಿಡಿದಿರುವಾಗ, ತೊಂಬತ್ತಮೂರಕ್ಕೂ ತೊಂಬತ್ತಾರಕ್ಕೂ ಮನಸ್ಸನ್ನು ಓಡಾಡಿಸುವ ಈ ಹಂಬಲಕ್ಕೆ ನಾನು ಇಸವಿಚಪಲ ಎಂದು ಹೆಸರಿಟ್ಟಿದ್ದೇನೆ.

ಮೊದಲಿಂದ ಶುರು ಮಾಡೋಣ, ಅವಸರವೇನೂ ಇಲ್ಲವಲ್ಲ. ಮಾರುತಿ 800 ರಸ್ತೆಗಿಳಿದು ಎರಡು ವರ್ಷ ಕಳೆದ ಮೇಲೆ, 1985ರ ಡಿಸೆಂಬರಿನಲ್ಲಿ ಜಿಪ್ಸಿ ಬಂತು. ಜಪಾನಿನ ಸುಜುಕಿ ಜಿಮ್ನಿಯ ಮೈಯನ್ನೇ ಒಂದಿಷ್ಟು ಉದ್ದ ಮಾಡಿದ ಗಾಡಿ ಅದು. 970 ಸಿಸಿ ಎಂಜಿನ್, 45 ಅಶ್ವಶಕ್ತಿ, ನಾಲ್ಕು ಗೇರು. ಇವತ್ತಿನ ಲೆಕ್ಕದಲ್ಲಿ ಈ ಶಕ್ತಿ ಏನೇನೂ ಅಲ್ಲ. ಆದರೆ ಗಾಡಿಯ ತೂಕ ಒಂದು ಟನ್ನಿನ ಆಸುಪಾಸು. ಭಾರದ ಜೀಪುಗಳು ಹೂತುಕೊಂಡು ನಿಲ್ಲುವ ಗದ್ದೆಯಂಚಿನ ಕೆಸರಿನ ಮೇಲೆ ಇದು ಹಗುರಾಗಿ ಹಾದು ಹೋಗುತ್ತದೆ. ಗೇರಿನ ಪಕ್ಕದ ಚಿಕ್ಕ ಲಿವರನ್ನು ಫೋರ್ ಲೋಗೆ ಹಾಕಿದರೆ, ಆಕ್ಸಿಲರೇಟರ್ ಮುಟ್ಟದೆಯೂ ಗಾಡಿ ಗೊಣಗುತ್ತ ದರೆ ಹತ್ತತೊಡಗುತ್ತದೆ. ಜಿಪ್ಸಿಯ ಟ್ರಾನ್ಸ್‌ಫರ್ ಕೇಸು ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ಹಿಂದೆ ಬೇರೆಯೇ ಕೂತಿದ್ದು, ನಡುವೆ ಮೋಟು ಶಾಫ್ಟೊಂದು ಎರಡನ್ನೂ ಜೋಡಿಸುತ್ತದೆ. ಆ ಸಣ್ಣ ಲಿವರು ಕೈಗೆ ಕೊಡುವ ನಡುಕ ಅಲ್ಲಿಂದ ಬರುವುದು. ಅಂಗೈಗೆ ಅದು ಒಮ್ಮೆ ರೂಢಿಯಾದರೆ, ಗುಂಡಿ ಒತ್ತಿ ಫೋರ್ ವೀಲ್ ಹಾಕುವ ಹೊಸ ಗಾಡಿಗಳಲ್ಲಿ ಏನೋ ಕಳೆದುಹೋದಂತೆ ಅನ್ನಿಸುತ್ತದೆ.

ಈ 970ರ ಜೊತೆ ಚಾರ್ಮಾಡಿ ಹತ್ತಿದವರಿಗೆ ಘಟ್ಟವೆಂದರೆ ಏನೆಂದು ಗೊತ್ತು. ಲಾರಿಗಳು ಹಿಂದಿನಿಂದ ಹಾರನ್ ಹೊಡೆಯುತ್ತವೆ, ಬಸ್ಸುಗಳು ದಾಟಿಕೊಂಡು ಹೋಗುತ್ತವೆ, ಜಿಪ್ಸಿ ಎರಡನೇ ಗೇರಿನಲ್ಲಿ ತನ್ನ ಪಾಡಿಗೆ ತಾನು ಏರುತ್ತಿರುತ್ತದೆ. ಬಂಡೆಯ ಮೇಲಿಂದ ಇಳಿಯುವ ನೀರು, ಪಾಚಿ, ಕಮರಿಯಿಂದ ಎದ್ದು ಬರುವ ಮಂಜು ಎಲ್ಲವನ್ನೂ ಸಾವಕಾಶವಾಗಿ ನೋಡಬಹುದು. ನಿಧಾನವನ್ನು ದೋಷವೆಂದು ಬರೆದಿಡುವವರು ಆ ರಸ್ತೆಯಲ್ಲಿ ಮಳೆಗಾಲದಲ್ಲಿ ಹೋಗಿರಲಾರರು.

ಮೊದಮೊದಲಿನ ಜಿಪ್ಸಿಗಳ ಚಕ್ರಗಳು ಮೈಯೊಳಗೇ ಸೇರಿಕೊಂಡಂತಿದ್ದವು. ಎತ್ತರದ ಗಾಡಿಗೆ ಅಷ್ಟು ಕಿರಿದಾದ ಹೆಜ್ಜೆ ಸಾಲದು, ತಿರುವಿನಲ್ಲಿ ವಾಲುತ್ತಿತ್ತು. 1993ರಲ್ಲಿ ಚಕ್ರಗಳನ್ನು ಹೊರಕ್ಕೆ ಸರಿಸಿ ಅಗಲ ಮಾಡಿದರು. ಇದಕ್ಕಿಂತ ಹಿಂದಿನದನ್ನು ಯಾರಾದರೂ ಓಡಿಸುವುದಕ್ಕೆಂದು ಕೊಳ್ಳಹೊರಟರೆ ನಾನು ಬೇಡವೆಂದೇ ಹೇಳುವುದು. ಪ್ರೀತಿಗೆಂದು ಕೊಳ್ಳುವವರಿಗೆ ಯಾರ ಮಾತೂ ಬೇಕಾಗುವುದಿಲ್ಲ.

1996ರಲ್ಲಿ ಜಿಪ್ಸಿ ಕಿಂಗ್ ಬಂತು. 1298 ಸಿಸಿ, 60 ಅಶ್ವಶಕ್ತಿ, ಐದು ಗೇರು. ಎಸ್ಟೀಮ್ ಕಾರಿನ ಮನೆತನದ ಎಂಜಿನ್ನು. ಬಾನೆಟ್ಟಿನ ಮೇಲೊಂದು ಉಬ್ಬು, ಮುಖಕ್ಕೆ ಹೊಸ ಗ್ರಿಲ್. 96ರಿಂದ 99ರವರೆಗಿನ ಈ ನಾಲ್ಕು ಇಸವಿಗಳ ಮೇಲೆ ನನಗೆ ವಿಶೇಷ ಮಮತೆ. ಕಾರ್ಬುರೇಟರಿನ ಕೊನೆಯ ಜಿಪ್ಸಿಗಳು ಇವು. ಡಿಸೆಂಬರಿನ ಬೆಳಗಿನಲ್ಲಿ, ಕಾಫಿ ಕಣದ ಮೇಲೆ ಇಬ್ಬನಿ ಇನ್ನೂ ಕೂತಿರುವಾಗ, ಚೋಕ್ ಎಳೆದು ಕೀ ತಿರುಗಿಸಿ ನೋಡಬೇಕು. ಒಮ್ಮೆ ಕೆಮ್ಮಿ ಸುಮ್ಮನಾಗುತ್ತದೆ. ಹಸಿ ಪೆಟ್ರೋಲಿನ ವಾಸನೆ ಮೂಗಿಗೆ ಬರುತ್ತದೆ. ಇನ್ನೊಮ್ಮೆ ತಿರುಗಿಸಿದರೆ ಇಡೀ ಮೈ ಅಲುಗಿ ಹತ್ತಿಕೊಳ್ಳುತ್ತದೆ. ಆಮೇಲೆ ಚೋಕನ್ನು ಸ್ವಲ್ಪ ಸ್ವಲ್ಪವೇ ಒಳಗೆ ತಳ್ಳುತ್ತ, ಎಂಜಿನ್ನಿನ ದನಿ ಒರಟಿನಿಂದ ನಯಕ್ಕೆ ಇಳಿಯುವುದನ್ನು ಕಿವಿಗೊಟ್ಟು ಕೇಳಬೇಕು. ಅಷ್ಟು ಹೊತ್ತಿಗೆ ಕ್ಯಾನ್ವಾಸ್ ಹೊದಿಕೆಯಿಂದ ಇಬ್ಬನಿ ತೊಟ್ಟಿಕ್ಕಿ ಸೀಟು ಒದ್ದೆಯಾಗಿರುತ್ತದೆ. ಕೆಟ್ಟು ನಿಂತರೂ ಕಳಸದಂಥ ಊರಿನ ಯಾವ ಮೆಕ್ಯಾನಿಕ್ಕಾದರೂ ಸ್ಕ್ರೂಡ್ರೈವರ್ ಹಿಡಿದು ಬಂದು, ಜೆಟ್ ಬಿಚ್ಚಿ, ಬಾಯಲ್ಲಿ ಊದಿ, ಮತ್ತೆ ಹಾಕಿ ಕಳಿಸಿಕೊಡಬಲ್ಲ.

2000ದಲ್ಲಿ ಕಾರ್ಬುರೇಟರಿನ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಬಂದು ಈ ಚೋಕಿನ ಕಾಲ ಮುಗಿಯಿತು. ಎಂಜಿನ್ನಿಗೆ 16 ವಾಲ್ವು, 80 ಅಶ್ವಶಕ್ತಿ, ಬ್ರೇಕಿಗೆ ಬೂಸ್ಟರ್. ಬೂಸ್ಟರ್ ಇಲ್ಲದ ಜಿಪ್ಸಿಯನ್ನು ಆಗುಂಬೆಯಲ್ಲಿ ಇಳಿಸಿದವರಿಗೆ ಈ ಕೊನೆಯ ವಸ್ತುವಿನ ಬೆಲೆ ತಿಳಿದೀತು. ಪೆಡಲನ್ನು ತುಳಿಯುವುದಲ್ಲ, ಅದರ ಮೇಲೆ ನಿಂತೇಬಿಡಬೇಕಿತ್ತು. ಅಲ್ಲಿಂದ 2018ರ ಕೊನೆಗೆ ಜನಸಾಮಾನ್ಯರ ಬುಕಿಂಗ್ ನಿಲ್ಲಿಸುವವರೆಗೂ ಜಿಪ್ಸಿ ಹೆಚ್ಚುಕಡಿಮೆ ಹಾಗೇ ಉಳಿಯಿತು. ನಾಲ್ಕೂ ಮೂಲೆಗೆ ಅದೇ ಲೀಫ್ ಸ್ಪ್ರಿಂಗು, ಅದೇ ಕುಲುಕಾಟ, ಹೊದಿಕೆ ತೆಗೆದರೆ ಬಾನೆಟ್ಟಿನ ಮೇಲೆ ಮಲಗಿಸಬಹುದಾದ ಅದೇ ಮುಂದಿನ ಗಾಜು.

ಹೀಗಾಗಿ 2000ದ ಮೇಲೆ ಇಸವಿ ಕೇಳುವುದಕ್ಕಿಂತ ಊರು ಕೇಳುವುದು ಲೇಸು. ಮಂಗಳೂರು, ಉಡುಪಿ ಕಡೆಯ ನೋಂದಣಿ ಇದ್ದರೆ ನನ್ನ ಕಣ್ಣು ನೇರ ಕೆಳಗೆ ಹೋಗುತ್ತದೆ. ಕಡಲ ಉಪ್ಪುಗಾಳಿ ಜಿಪ್ಸಿಯ ತಗಡನ್ನು ಬಿಡುವುದಿಲ್ಲ. ಕಾಲಡಿಯ ಮ್ಯಾಟು ಎತ್ತಿ, ಸೀಟಿನ ಬುಡದಲ್ಲಿ, ಗಾಜಿನ ಚೌಕಟ್ಟಿನ ಕೆಳತುದಿಯಲ್ಲಿ ಸ್ಕ್ರೂಡ್ರೈವರಿನ ತುದಿ ಒತ್ತಿ ನೋಡಬೇಕು. ಗಟ್ಟಿ ತಗಡಾದರೆ ತುದಿ ಜಾರುತ್ತದೆ. ಪುಟ್ಟಿ ಬಳಿದು ಬಣ್ಣ ಹೊಡೆದಿದ್ದರೆ ಮೆತ್ತಗೆ ಒಳಗಿಳಿಯುತ್ತದೆ, ಹಿಂದೆಯೇ ಕಂದು ಪುಡಿ ಉದುರುತ್ತದೆ. ಚಾಸಿಯನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋದರೆ ಒಂದೊಂದು ಕಡೆ ಒಂದೊಂದು ದನಿ. ಠಣ್ ಎನ್ನುವುದು ನಿಂತು ಬೊದ್ದು ದನಿ ಬಂದಲ್ಲಿ ತುಕ್ಕಿದೆ ಅಥವಾ ವೆಲ್ಡಿಂಗ್ ಆಗಿದೆ.

ದೆಹಲಿಯ ಗಾಡಿಗಳೂ ಬರುತ್ತವೆ. 15 ವರ್ಷ ದಾಟಿದ ಪೆಟ್ರೋಲ್ ವಾಹನಗಳ ಮೇಲೆ ಅಲ್ಲಿ ಬಿದ್ದ ನಿರ್ಬಂಧದಿಂದಾಗಿ ಅವು ಅಗ್ಗಕ್ಕೆ ಹೊರರಾಜ್ಯಗಳಿಗೆ ಹೋಗುತ್ತವೆ. ಒಣ ಹವೆಯಲ್ಲಿ ಬಾಳಿದ್ದರಿಂದ ತಗಡು ಚೆನ್ನಾಗಿರುತ್ತದೆ, ನಿರಾಕ್ಷೇಪಣಾ ಪತ್ರ ಕೈಗೆ ಬರದೆ ಮಾತ್ರ ಮುಂಗಡ ಕೊಡಬಾರದು. ಸೈನ್ಯ ಹರಾಜು ಹಾಕಿದ ಜಿಪ್ಸಿಗಳ ಮೇಲೆ ಹಲವರಿಗೆ ಆಸೆ. ಕೊಂಡವರು ಅದರ ಆಲಿವ್ ಹಸಿರನ್ನು ಉಳಿಸಿಕೊಳ್ಳುವಂತಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಆ ಬಣ್ಣ ರಕ್ಷಣಾ ಇಲಾಖೆಗೆ ಮೀಸಲು.

ಡೀಸೆಲ್ ಎಂಜಿನ್ ಕೂರಿಸಿದ ಜಿಪ್ಸಿಗಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕಂಪನಿ ಎಂದೂ ಡೀಸೆಲ್ ಜಿಪ್ಸಿ ಮಾರಲಿಲ್ಲ. ಪೆಟ್ರೋಲ್ ಉಳಿಸಲೆಂದು ಭಾರದ ಎಂಜಿನ್ ತುರುಕಿದರೆ ಮುಂದಿನ ಸ್ಪ್ರಿಂಗ್ ಕುಸಿದು ಮೂಗು ಬಾಗುತ್ತದೆ, ಕೆಸರಿನ ಮೇಲೆ ತೇಲುತ್ತಿದ್ದ ಹಗುರತನವೇ ಹೋಗುತ್ತದೆ. ಆರ್‌ಸಿಯಲ್ಲಿ ಬದಲಾವಣೆ ನಮೂದಾಗಿರದಿದ್ದರೆ ಆರ್‌ಟಿಒದಲ್ಲಿ ಬೇರೆ ಪಾಡು.

ಇಷ್ಟು ಸುತ್ತಾಡಿಸಿದ ಮೇಲೆ ನನ್ನ ಆಯ್ಕೆ ಹೇಳದಿದ್ದರೆ ನ್ಯಾಯವಲ್ಲ. ದಿನವೂ ಓಡಿಸುವುದಾದರೆ 2000ದ ನಂತರದ ಎಂಪಿಎಫ್‌ಐ, ಸಾಫ್ಟ್ ಟಾಪ್, ಘಟ್ಟದ ಮೇಲೆಯೇ ಬಾಳಿದ್ದು, ಒಬ್ಬರ ಕೈಯಲ್ಲೇ ಇದ್ದದ್ದು. 2004 ಆಗಲಿ 2012 ಆಗಲಿ, ಚಾಸಿ ಗಟ್ಟಿಯಿರುವುದನ್ನು ತನ್ನಿ. ಭಾನುವಾರದ ಬೆಳಗಿಗಾದರೆ 98ರ ಕಿಂಗ್‌ಗೆ ಸಮನಾದದ್ದು ನನಗೆ ಇನ್ನೊಂದಿಲ್ಲ.

ನಿಮ್ಮ ತೋಟದ ಶೆಡ್ಡಿನಲ್ಲಿ, ಕಾಳುಮೆಣಸಿನ ಚೀಲಗಳ ಹಿಂದೆ, ಹಳೆಯ 970 ಒಂದು ನಿಂತಿದ್ದರೆ ದಯವಿಟ್ಟು ಅದನ್ನು ಗುಜರಿಗೆ ಹಾಕಬೇಡಿ, ಡೀಸೆಲ್ಲಿಗೂ ಬದಲಿಸಬೇಡಿ. ಟೈಮಿಂಗ್ ಬೆಲ್ಟು, ಬ್ಯಾಟರಿ ಹೊಸದು ಹಾಕಿಸಿ, ಆರ್‌ಸಿ ನವೀಕರಿಸಿ. ವಾರಕ್ಕೊಮ್ಮೆಯಾದರೂ ಗೇಟಿನವರೆಗೆ ಓಡಿಸಿಕೊಂಡು ಬನ್ನಿ.