ಗಂಟಲಲ್ಲಿ ವಾತಾಪಿ

ನುಂಗಲಾಗದ ಮಾತ್ರೆ ಅಂದಕೂಡಲೇ ಎಲ್ಲರೂ ಹೆಬ್ಬೆರಳುದ್ದದ ಕ್ಯಾಲ್ಸಿಯಂ ಮಾತ್ರೆಯನ್ನೇ ನೆನೆಯುತ್ತಾರೆ. ನನಗೆ ಅದು ಸಲೀಸು. ನಾಲಗೆಯ ಮೇಲೆ ಕೂತದ್ದೂ ಗೊತ್ತಾಗುತ್ತದೆ, ಗಂಟಲು ದಾಟಿದ್ದೂ ಗೊತ್ತಾಗುತ್ತದೆ. ತೊಂದರೆಯೆಲ್ಲ ಬರಿಹೊಟ್ಟೆಯಲ್ಲಿ ನುಂಗಬೇಕಾದ ಈ ಪುಟಾಣಿ ಥೈರಾಯ್ಡ್ ಮಾತ್ರೆಯದು. ಇವತ್ತು ಬೆಳಿಗ್ಗೆ ನೀರೆಲ್ಲ ಒಳಗೆ ಹೋಯಿತು, ಮಾತ್ರೆ ಮಾತ್ರ ಕಿರುನಾಲಗೆಯ ಹತ್ತಿರ ಎಲ್ಲೋ ಅಂಟಿಕೊಂಡು ಅಲ್ಲೇ ಕರಗತೊಡಗಿತು. ಇನ್ನೊಂದು ಗುಟುಕಿಗೆ ಅರ್ಧ ಇಳಿಯಿತು. ಉಳಿದರ್ಧ ಸುಣ್ಣ ಸವರಿದ ಹಾಗೆ ಬಾಯೆಲ್ಲ ಹರಡಿತು.

ನೆಟ್ಟಗೆ ಕೂತು ಲೋಟದ ತುಂಬ ನೀರು ಕುಡಿಯಿರಿ, ಕಬ್ಬಿಣ–ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಕೊಡಿ ಎಂಬ ಉಪದೇಶಗಳೆಲ್ಲ ಕೇಳಿದ್ದೇ. ಅಮೆರಿಕದಲ್ಲಿ ಲೆವಾಕ್ಸಿಲ್ ಎಂಬ ಬ್ರ್ಯಾಂಡಿನ ಜೊತೆಗೆ ಬರುವ ಚೀಟಿಯಲ್ಲೇ ಗಂಟಲಲ್ಲಿ ಸಿಕ್ಕಿಕೊಂಡೀತು ಎಂಬ ಎಚ್ಚರಿಕೆ ಇದೆಯಂತೆ. ಓದಿ ಸಮಾಧಾನವಾಯಿತು. ಸಾಗರದಾಚೆಯೂ ನನ್ನ ಪಂಗಡದವರಿದ್ದಾರೆ.

ನನ್ನದು 50 ಮೈಕ್ರೋಗ್ರಾಂ. ಮದುವೆಮನೆಯಲ್ಲಿ ಸೀರೆಯ ಬೆಲೆ ವಿಚಾರಿಸುತ್ತಿದ್ದ ನಮ್ಮ ಕಡೆಯ ಹೆಂಗಸರು ಈಗ "ನಿಂದೆಷ್ಟೇ?" ಎಂದು ಕೇಳುವುದು ಇದನ್ನೇ. ನೂರು ಅಂದವಳಿಗೆ ಊಟದ ಪಂಕ್ತಿಯಲ್ಲಿ ಒಂದು ಬಗೆಯ ಗೌರವ. ಲೆಕ್ಕ ಹಾಕಿ ನೋಡಿದೆ: ನನ್ನ 50ರಂಥ 20,000 ಮಾತ್ರೆ ಸೇರಿದರೆ ಔಷಧಿ ಒಂದು ಗ್ರಾಂ ಆಗುತ್ತದೆ. ಅಂದಮೇಲೆ ದಿನಾ ಬೆಳಿಗ್ಗೆ ನಾನು ಗುದ್ದಾಡುವುದು ಔಷಧಿಯ ಜೊತೆಗಲ್ಲವೇ ಅಲ್ಲ. ಅದನ್ನು ಹೊತ್ತು ತಂದ ಪಿಷ್ಟ, ಲ್ಯಾಕ್ಟೋಸಿನಂಥ ಪುಡಿಗಳ ಜೊತೆಗೆ. ಮೇಯೋ ಕ್ಲಿನಿಕ್‌ನಲ್ಲಿ ಕೆಂಡಾಲ್ ಎಂಬಾತ 1914ರ ಕ್ರಿಸ್ಮಸ್ ದಿನ ಪ್ರಾಣಿಗಳ ಗ್ರಂಥಿಯಿಂದ ಥೈರಾಕ್ಸಿನ್ ಹರಳನ್ನು ಬೇರ್ಪಡಿಸಿದ. ಹಬ್ಬದ ದಿನ ಅವನು ಬೇರ್ಪಡಿಸಿದ್ದನ್ನು ಮತ್ತೆ ಪುಡಿಯಲ್ಲಿ ಬೆರೆಸಿ ನಮಗೆ ಕೊಡುತ್ತಿದ್ದಾರೆ.

ಬ್ರ್ಯಾಂಡಿನ ತಕರಾರು ಇರುವುದೂ ಈ ಪುಡಿಯಲ್ಲೇ. ಎಲ್ಟ್ರಾಕ್ಸಿನ್, ಥೈರೋನಾರ್ಮ್, ಥೈರಾಕ್ಸ್, ಯಾವುದಾದರೂ ಒಳಗಿನ ಔಷಧಿ ಅದೇ. ಹೊರಗಿನ ಸರಂಜಾಮು ಬೇರೆಯಾದರೆ ಮೈ ಹೀರಿಕೊಳ್ಳುವ ಪ್ರಮಾಣ ತುಸು ಆಚೀಚೆ ಆದೀತು. ಅದಕ್ಕೇ ಡಾಕ್ಟರು ಒಂದನ್ನೇ ಹಿಡಿದುಕೊಳ್ಳಿ, ಬದಲಾಯಿಸಿದರೆ ಆರು ವಾರ ಬಿಟ್ಟು ಟಿಎಸ್‌ಎಚ್ ನೋಡಿಸಿ ಅನ್ನುತ್ತಾರೆ. ಮೆಡಿಕಲ್ ಶಾಪಿನ ಹುಡುಗ ಮಾತ್ರ ಬೇರೆ ಬಾಟಲಿ ಮುಂದಿಟ್ಟು, "ಎರಡೂ ಒಂದೇ ಆಂಟಿ, ಕಂಪ್ನಿ ಬೇರೆ ಅಷ್ಟೆ" ಅನ್ನುತ್ತಾನೆ. ಆಂಟಿ ಅಂದದ್ದನ್ನಾದರೂ ಕ್ಷಮಿಸಬಹುದು.

ಅದೇ ಬೀದಿಯ ಕಾಫಿಪುಡಿ ಅಂಗಡಿಯಲ್ಲಿ ಹೀಗೆ ಯಾರಾದರೂ ಮಾತಾಡಲಿ ನೋಡೋಣ! ಪೀಬರಿ ಎಷ್ಟು, ಪ್ಲಾಂಟೇಷನ್ ಎಷ್ಟು, ಚಿಕೋರಿ ಇಪ್ಪತ್ತೋ ಮೂವತ್ತೋ ಎಂದು ಗಲ್ಲಾದಲ್ಲಿ ಕೂತ ಯಜಮಾನರು ನನ್ನ ಜಾತಕ ಒಪ್ಪಿಸುವಂತೆ ಹೇಳುತ್ತಾರೆ. ಹತ್ತು ಗ್ರಾಂ ಚಿಕೋರಿ ಹೆಚ್ಚಾದರೆ ಮನೆಯಲ್ಲಿ ಮುಖ ಸಿಂಡರಿಸುವ ಜನ ನಾವು. ಅಂಥವರಿಗೆ ಈ ಮಾತ್ರೆ ಹಾಕುವ ದೊಡ್ಡ ಶಿಕ್ಷೆ ಗಂಟಲಿನದಲ್ಲ, ಕಾಫಿಯದು. ಕಾಫಿ ಬಿದ್ದರೆ ಮಾತ್ರೆ ಸರಿಯಾಗಿ ಒಳಗೆ ಸೇರುವುದಿಲ್ಲವೆಂದು ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಬೇಕು. ಅತ್ತ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿದಿರುತ್ತದೆ, ನಮ್ಮನೆಯವರು ಪೇಪರ್ ಹಿಡಿದು ಸೊರ್ ಎಂದು ಹೀರುತ್ತಿರುತ್ತಾರೆ. ಒಂದು ಗಂಟೆ ತಡವಾದ ಕಾಫಿ ಕಾಫಿಯೇ ಅಲ್ಲ. ಅದು ಉಪಾಹಾರದ ಜೊತೆಗಿನ ಒಂದು ದ್ರವ. ಮೊದಲ ಕಾಫಿಗೆ ಮುಂಚೆ ಆಡಿದ ಮಾತಿಗೆ ಯಾವ ಹೆಂಗಸನ್ನೂ ಹೊಣೆ ಮಾಡಬಾರದೆಂದು ಕಾನೂನು ಬರಬೇಕು.

ಇವತ್ತು ಆ ಗಂಟೆಯಲ್ಲಿ ಹೊಟ್ಟೆ ನೀವಿಕೊಳ್ಳುತ್ತ ಕೂತಾಗ ಅಗಸ್ತ್ಯರು ನೆನಪಾದರು. ರಕ್ಕಸ ಇಲ್ವಲ ತನ್ನ ತಮ್ಮ ವಾತಾಪಿಯನ್ನು ಟಗರು ಮಾಡಿ, ಕಡಿದು, ಬೇಯಿಸಿ ಬಡಿಸುವುದು; ಉಂಡವರ ಹೊಟ್ಟೆ ಬಗಿದು ವಾತಾಪಿ ಹೊರಗೆ ಬರುವುದು. ಅಗಸ್ತ್ಯರು ಉಂಡು, ತೇಗಿ, ಅರಗಿಸಿಯೇಬಿಟ್ಟರು. ಹಾಲು ಕುಡಿಸಿದ ಮೇಲೆ ಕೂಸಿನ ಹೊಟ್ಟೆ ಸವರುತ್ತ ನಮ್ಮಜ್ಜಿ ವಾತಾಪಿಯ ಹೆಸರು ಹೇಳುತ್ತಿದ್ದುದು ಇದಕ್ಕೇ. ಇಡೀ ಟಗರು ಇಳಿದ ಗಂಟಲು ಆ ಮುನಿಯದು!

ಆ ವಾತಾಪಿಯ ಹೆಸರೇ ಹಿಂದೆ ಬಾದಾಮಿಗೆ. ಅಲ್ಲಿ ಅಗಸ್ತ್ಯತೀರ್ಥವೆಂಬ ಕೆರೆಯೂ ಇದೆ, ಹೆಂಗಸರು ಬಟ್ಟೆ ಸೆಣೆಯುವ ಸದ್ದು ಕೆಂಪು ಬಂಡೆಗೆ ಬಡಿದು ಎರಡೆರಡು ಸಲ ಕೇಳಿಸುತ್ತದೆ. ಪಲ್ಲವರ ನರಸಿಂಹವರ್ಮ 642ರಲ್ಲಿ ಊರು ಗೆದ್ದಾಗ ಅವನ ದಂಡನಾಯಕ ಇಲ್ಲಿಂದ ಗಣಪತಿಯನ್ನು ತಮಿಳುನಾಡಿಗೆ ಒಯ್ದನೆಂದು ಪ್ರತೀತಿ. ಮುತ್ತುಸ್ವಾಮಿ ದೀಕ್ಷಿತರು ಹಂಸಧ್ವನಿ ರಾಗದಲ್ಲಿ ಹಾಡಿದ ವಾತಾಪಿ ಗಣಪತಿ ಅವನೇ ಅನ್ನುತ್ತಾರೆ. ನಮ್ಮ ಗಣಪನನ್ನು ನಾವೇ ಟಿಕೆಟ್ಟು ಕೊಂಡು ಕಚೇರಿಯಲ್ಲಿ ಕೇಳಬೇಕು. ಆದರೆ ಮೊದಲನೆಯ ಗುಹೆಯಲ್ಲಿ 18 ಕೈಗಳ ನಟರಾಜನ ಪಕ್ಕ ಇನ್ನೊಬ್ಬ ಪುಟ್ಟ ಗಣಪನಿದ್ದಾನೆ. ಬಂಡೆಯಲ್ಲೇ ಕಡೆದದ್ದರಿಂದ ಯಾವ ದಂಡನಾಯಕನಿಗೂ ಎತ್ತಲಾಗಲಿಲ್ಲ. ಅವನ ಮೇಲೂ ಯಾರಾದರೂ ಒಂದು ಕೀರ್ತನೆ ಕಟ್ಟಬಾರದೇ? ಹಂಸಧ್ವನಿ ಬೇಡ, ನಾಟ ಇರಲಿ. ಅಪ್ಪ ಅಷ್ಟು ಜೋರಾಗಿ ಕುಣಿಯುತ್ತಿರುವಾಗ ಮಗನಿಗೆ ಅದೇ ಸರಿಹೋದೀತು.