ಬಂಡೆಯೊಳಗಿನ ಸದ್ದು

ಕನಕಪುರ, ಮಾಗಡಿ ಕಡೆಯವರಿಗೆ ಕ್ವಾರಿ ಸಿಡಿತ ಹೊಸದಲ್ಲ. ಅಟ್ಟದ ಪಾತ್ರೆ ಅಲುಗಿದರೆ ಸಾಕು, ಎಲ್ಲೋ ಮದ್ದು ಹಾಕಿದ್ರು ಅಂತ ಗೊತ್ತಾಗುತ್ತೆ. ಅಣುಬಾಂಬ್ ಪರೀಕ್ಷೆ ಪತ್ತೆಯಾಗೋದೂ ಹೆಚ್ಚುಕಡಿಮೆ ಹೀಗೇ. ನೆಲದಡಿ ಸಿಡಿಸಿದರೂ ಕಂಪನ ಬಂಡೆಯೊಳಗೆ ಸಾವಿರಾರು ಕಿಲೋಮೀಟರ್ ಹರಿಯುತ್ತೆ. ಅದನ್ನು ಹಿಡಿಯೋಕೆ ನಮ್ಮ ಗೌರಿಬಿದನೂರಿನಲ್ಲಿ 1965ರಿಂದಲೂ ಕಂಪನಮಾಪಕಗಳ ಸಾಲೇ ಇದೆ.

ಪರೀಕ್ಷೆ ನಿಲ್ಲಿಸಿ ಅಂತ 1954ರಲ್ಲೇ ಜಗತ್ತಿಗೆ ಹೇಳಿದವರು ನೆಹರು. 1996ರ ಸಮಗ್ರ ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಮಾತ್ರ ನಾವಿನ್ನೂ ಸಹಿ ಹಾಕಿಲ್ಲ. 1998ರ ಪೋಖ್ರಾನ್ ಪರೀಕ್ಷೆ ಆದಮೇಲೆ ನಾವಾಗೇ ನಿಲ್ಲಿಸಿದ್ದೇವೆ, ನಿಜ. ಆದರೆ ಅದು ಬಾಯಿಮಾತು; ಪತ್ರ ಆಗಬೇಕು ಅನ್ನೋದು ನನ್ನ ವಾದ. ಬೇರೆಯವರು ಕದ್ದು ಸಿಡಿಸಿದರೆ ಅನ್ನೋರಿಗೆ ಗೌರಿಬಿದನೂರು ತೋರಿಸಿ.

ಚನ್ನಪಟ್ಟಣದಲ್ಲಿ ಎಂಪಿ ಓಟು ಕೇಳಲು ಬಂದವರನ್ನು ರಸ್ತೆ, ನೀರಿನ ಜೊತೆ ಈ ಸಹಿ ಯಾವಾಗ ಅಂತಲೂ ಕೇಳಬೇಕು. ಅವರ ಮುಖ ನೋಡೋ ಹಾಗಿರುತ್ತೆ!