ಚಿಂತೆ ಚರ್ಮಕ್ಕೆ ಇಳಿಯುವ ದಾರಿ

ಅತನೂರಿನ ನಮ್ಮ ಮನೆಯಲ್ಲಿ ಅಕ್ಕನಿಗೆ ಚಿಕ್ಕಂದಿನಿಂದ ಇಸಬು. ಚಳಿಗಾಲದ ಒಣಗಾಳಿಗೆ ಅದು ಹೆಚ್ಚುವುದು ಎಲ್ಲರಿಗೂ ಗೊತ್ತು. ಆದರೆ ತೊಗರಿ ನೆಟೆ ಹೋದ ವರ್ಷ, ಸಾಲದ ಕಂತು ಬಾಕಿ ಬಿದ್ದ ತಿಂಗಳು, ಹೆಣ್ಣು ನೋಡಲು ಬರುವ ವಾರ, ಆಗಲೂ ಮೊಣಕೈ ಮಡಿಕೆ ಕೆಂಪಾಗಿ ನೀರು ಒಸರುತ್ತದೆ. "ಮನಸಿಗಿ ಹಚ್ಕೋಬ್ಯಾಡವಾ" ಅನ್ನುವ ಮಂದಿಯೇ ಅಕ್ಕ ಕೊಟ್ಟ ನೀರಿನ ಚರಿಗೆ ಮುಟ್ಟಲು ಹಿಂದೆಮುಂದೆ ನೋಡುತ್ತಾರೆ. ಇಸಬು ಅಂಟುರೋಗವಲ್ಲ ಎಂದು ನಾವು ಹೇಳುತ್ತಲೇ ಇದ್ದೇವೆ.

ಹಾಗಾದರೆ ಚಿಂತೆಗೂ ಚರ್ಮಕ್ಕೂ ಏನು ನಂಟು? ಆತಂಕವಾದಾಗ ಮೆದುಳಿನ ಸೂಚನೆಯಂತೆ ದೇಹದಲ್ಲಿ ಕಾರ್ಟಿಸೋಲ್ ಹೆಚ್ಚುತ್ತದೆ. ಸ್ವಲ್ಪ ಹೊತ್ತಿನ ಮಟ್ಟಿಗೆ ಅದು ಉರಿಯೂತವನ್ನು ತಗ್ಗಿಸುತ್ತದೆ. ಚಿಂತೆ ತಿಂಗಳುಗಟ್ಟಲೆ ಉಳಿದರೆ ಆ ಹಿಡಿತ ಸಡಿಲಾಗಿ, ರೋಗನಿರೋಧಕ ವ್ಯವಸ್ಥೆ ಅಲರ್ಜಿಯ ಕಡೆಗೆ ವಾಲುತ್ತದೆ. ಚರ್ಮದ ನರತುದಿಗಳು ಹೊರಬಿಡುವ ರಾಸಾಯನಿಕಗಳು ಅಲ್ಲಿನ ಮಾಸ್ಟ್ ಕೋಶಗಳನ್ನು ಕೆಣಕುತ್ತವೆ, ತುರಿಕೆ ಏಳುತ್ತದೆ. ಕೆರೆದಷ್ಟೂ ಚರ್ಮದ ತಡೆಗೋಡೆ ಹರಿದು ಧೂಳು, ಬ್ಯಾಕ್ಟೀರಿಯಾ ಒಳಸೇರುತ್ತವೆ. ಆ ಗೋಡೆ ಮತ್ತೆ ಕೂಡಿಕೊಳ್ಳುವುದನ್ನೂ ಚಿಂತೆ ನಿಧಾನಿಸುತ್ತದೆ. ರಾತ್ರಿ ನಿದ್ದೆ ಕೆಡುತ್ತದೆ, ಬೆಳಗ್ಗೆ ಚಿಂತೆ ಇಮ್ಮಡಿಸುತ್ತದೆ.

1993ರ ಕಿಲ್ಲಾರಿ ಭೂಕಂಪ ನಮ್ಮ ಸೀಮೆಯ ಹಿರಿಯರಿಗೆ ಇನ್ನೂ ನೆನಪಿದೆ. ಅಂಥದ್ದೇ ಭೂಕಂಪ 1995ರ ಜನವರಿಯಲ್ಲಿ ಜಪಾನಿನ ಕೋಬೆ ಸೀಮೆಯನ್ನು ಕೆಡವಿತು. ಅಲ್ಲಿನ ವೈದ್ಯರು ಇಸಬು ಇದ್ದವರನ್ನು ವಿಚಾರಿಸಿ 1999ರಲ್ಲಿ ವರದಿ ಪ್ರಕಟಿಸಿದರು. ಹೆಚ್ಚು ಹಾನಿಯಾದ ಊರುಗಳಲ್ಲಿ ನೂರಕ್ಕೆ 38 ಮಂದಿಗೆ ರೋಗ ಉಲ್ಬಣಿಸಿತ್ತು. ಹಾನಿಯಾಗದ ಕಡೆ 7 ಮಂದಿಗೆ ಮಾತ್ರ.

ಇದರರ್ಥ ಇಸಬು 'ಮನಸ್ಸಿನ ರೋಗ' ಎಂದಲ್ಲ. ಹುಟ್ಟಿನಿಂದ ಬಂದ ಚರ್ಮದ ಗುಣವೂ ಅದಕ್ಕೆ ಕಾರಣ. ಚಿಂತೆ ಉರಿಯುವ ಒಲೆಗೆ ಹಾಕಿದ ಕಟ್ಟಿಗೆಯಷ್ಟೆ. ಹಾಗಾಗಿ ಚರ್ಮ ಒಣಗದಂತೆ ದಿನವೂ ಮುಲಾಮು ಬೇಕು, ಚರ್ಮರೋಗ ವೈದ್ಯರ ಸಲಹೆ ಬೇಕು. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಕ್ರೀಮನ್ನು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮವೇ ತೆಳುವಾಗುತ್ತದೆ. ಮನಸ್ಸು ತೀರಾ ಭಾರವಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಈಗ ನಮ್ಮ ಮನೆಯಲ್ಲಿ ಸಾಲದ ಲೆಕ್ಕ ಅಕ್ಕನೊಬ್ಬಳ ತಲೆ ಮೇಲಿಲ್ಲ, ಎಲ್ಲರೂ ಕೂತು ಬರೆಯುತ್ತೇವೆ. ತುರಿಕೆ ಪೂರಾ ಹೋಗಿಲ್ಲ, ನಿದ್ದೆಯಂತೂ ಬರುತ್ತಿದೆ. 'ಚಿಂತಿ ಮಾಡಬ್ಯಾಡ' ಎಂದು ಹೇಳುವುದು ಸುಲಭ. ಆ ಚಿಂತೆಯಲ್ಲಿ ಅರ್ಧ ಹೊರುವುದೇ ನಿಜವಾದ ಆರೈಕೆ.